“ನನ್ನ ತಲೆಯದೇ ವಾಸನೆ, ಸಾರ್”

ನಮ್ಮ ಅಕ್ಕ ಉಮಾಮಹೇಶ್ವರಿಯ ಮಗಳು ಸ್ಪಂದನಾಳಿಗೆ ಒಂದು ಕಡೆ ನೆಟ್ಟಗೆ ಕೂತು ಗೊತ್ತಿಲ್ಲ. ಕುಮಾರಸ್ವಾಮಿ ಲೇಔಟ್‌ನ ನಮ್ಮ ಮನೆಯಲ್ಲಿ ಅವರು ಮಹಡಿಯ ಮೇಲೆ, ನಾನು ಕೆಳಗೆ. ಕೆಳಗಿಳಿದು ಬಂದಳೆಂದರೆ ಮೊದಲು ನನ್ನ ಕಿಟಕಿಗಳ ಗ್ರಹಚಾರ ಕೆಟ್ಟಿತು. ತೆರೆಯುತ್ತಾಳೆ, ಅರ್ಧ ಮುಚ್ಚುತ್ತಾಳೆ, ಫ್ಯಾನು ಜೋರು ಮಾಡುತ್ತಾಳೆ, ಮತ್ತೆ ತಗ್ಗಿಸುತ್ತಾಳೆ.

“ಏನೇ ನಿನ್ ಕಾಟ? ಗಾಳಿ ತಾನಾಗೇ ಬರುತ್ತೆ, ಸುಮ್ನೆ ಕೂತ್ಕೋ” ಎಂದು ನಾನು ರೇಗಿದರೆ, “ತಾನಾಗೇ ಬರಲ್ಲ ಚಿಕ್ಕಮ್ಮ, ಯಾರಾದ್ರೂ ಬಿಡ್ಬೇಕು” ಎನ್ನುತ್ತಾಳೆ.

ಅವಳು ವಿಮಾನದ ಕೋಪೈಲಟ್. ನಾನೋ ಮೋಡ, ಸೂರ್ಯೋದಯ ಅಂತೆಲ್ಲ ಕೇಳಲು ಕಾದು ಕೂತರೆ ಅವಳು ಹೇಳುವುದೆಲ್ಲ ಸೆಕೆ, ಚಳಿಯ ಪುರಾಣ. ಇಂಜಿನ್ನಿನಿಂದ ಬರುವ ಕಾದ ಗಾಳಿಯನ್ನು ವಿಮಾನದ ಹೊಟ್ಟೆಯಲ್ಲಿರುವ ಎರಡು ಯಂತ್ರಗಳು ತಣ್ಣಗೆ ಮಾಡಿ ಒಳಗೆ ಕಳಿಸುತ್ತವಂತೆ. ಅವುಗಳನ್ನು ಪ್ಯಾಕ್ ಎನ್ನುತ್ತಾರೆ. ಅವುಗಳ ಸ್ವಿಚ್ಚು ಪೈಲಟ್‌ಗಳ ತಲೆಯ ಮೇಲೆಯೇ ಇದೆ. ಮುಂದೆ ಕೂತವರಿಗೆ ಬೆವರು, ಹಿಂದೆ ಕೂತವರಿಗೆ ನಡುಕ. ಗಗನಸಖಿ ಫೋನು ಮಾಡಿದಾಗಲೆಲ್ಲ ಇವಳು ಕೈ ಚಾಚಿ ತಿರುಗಣೆ ತಿರುಗಿಸಬೇಕು. ಮನೆ ತುಂಬ ಅತ್ತೆಯರಿರುವ ಕಡೆ ಒಬ್ಬಳೇ ಸೊಸೆಯಾಗಿ ಹೋದಂತೆ ಎಂದು ನಾನು ನಕ್ಕಿದ್ದುಂಟು.

ಕಳೆದ ತಿಂಗಳಿಡೀ ಅವಳ ಚಡಪಡಿಕೆ ಮಿತಿ ಮೀರಿತ್ತು. ಅವಳನ್ನು ಕ್ಯಾಪ್ಟನ್ ಮಾಡಬಹುದೇ ಎಂದು ಹಿರಿಯರೊಬ್ಬರು ಜೊತೆಯಲ್ಲಿ ಹಾರಿ ನೋಡಿ ವರದಿ ಬರೆಯಬೇಕಿತ್ತು. ಕ್ಯಾಪ್ಟನ್ ನಂದಕುಮಾರ್ ಅಂತ, ನಮ್ಮ ಯಡಿಯೂರಿನವರೇ. ಅವರ ಜೊತೆ ಹಾರಬೇಕಿದ್ದ ಸೋಮವಾರ ಬೆಳಿಗ್ಗೆ ಇಡ್ಲಿ ಮುರಿದಳೇ ಹೊರತು ಬಾಯಿಗಿಡಲಿಲ್ಲ. ಅಕ್ಕ ಬಲವಂತವಾಗಿ ಎಣ್ಣೆ ಒತ್ತಿ ತಲೆಗೆ ನೀರು ಹಾಕಿದಳು. ನೆತ್ತಿ ಒದ್ದೆಯಾಗಿದ್ದರೆ ನೆಗಡಿ ಬರುತ್ತದೆಂದು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಕೂದಲಿಗೆ ಧೂಪವನ್ನೂ ಹಿಡಿದಳು. ಹುಡುಗಿ ಕೂದಲನ್ನು ಗಂಟು ಕಟ್ಟಿಕೊಂಡು ಕ್ಯಾಬ್ ಹತ್ತಿದಳು.

ಮುಂದಿನದನ್ನು ಅವಳೇ ನಮಗೆ ಹೇಳಿದ್ದು. ವಿಮಾನ ಬಿಸಿಲಿಗೆ ಕಾದು ಹೋಗಿತ್ತು. ಜನ ಹತ್ತುವಾಗ ಇವಳು, ನೆಲದ ಮೇಲಿದ್ದಾಗ ಬಳಸುವ ಬಾಲದ ಸಣ್ಣ ಇಂಜಿನ್ನಿನ ಗಾಳಿಯಿಂದ ಎರಡೂ ಪ್ಯಾಕ್ ಚಾಲೂ ಮಾಡಿದಳು. ಸ್ವಲ್ಪ ಹೊತ್ತಿಗೆ ನಂದಕುಮಾರ್ ಮೂಗು ಅರಳಿಸಿದರು.

“ಏನಮ್ಮ, ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ?”

ಇವಳ ಮುಖ ಕೆಂಪಾಯಿತು. “ಸಾರಿ ಸಾರ್, ನನ್ನ ತಲೆಯದೇ ವಾಸನೆ. ಅಮ್ಮ ಧೂಪ ಹಾಕಿದ್ರು.”

ಅವರು ಜೋರಾಗಿ ನಕ್ಕುಬಿಟ್ಟರು. “ನಮ್ಮನೇಲೂ ಅಷ್ಟೇ ಬಿಡಮ್ಮ. ಹೂಂ, ಮುಂದೆ ಓದು.”

ಇವಳು ಹಾರುವ ಮುನ್ನ ಓದಬೇಕಾದ ತಪಾಸಣೆಯ ಪಟ್ಟಿಯನ್ನು ಓದತೊಡಗಿದಳು. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಬೆಳಗಿನಿಂದ ಧೂಪವನ್ನೇ ಉಸಿರಾಡಿದ ತನ್ನ ಮೂಗಿಗೆ ಈಗ ಯಾವ ವ್ಯತ್ಯಾಸವೂ ತಿಳಿಯದು. ಸಾರ್ ಮಾತ್ರ ಆಗಿನಿಂದ ಪಕ್ಕದಲ್ಲೇ ಇದ್ದಾರೆ. ಆಫೀಸಿನಲ್ಲಿ ಒಂದೇ ಮೇಜಿಗೆ ಕೂತಿದ್ದರು, ಒಂದೇ ಬಸ್ಸಿನಲ್ಲಿ ವಿಮಾನದವರೆಗೆ ಬಂದರು. ಆಗೆಲ್ಲ ಬಾರದ ವಾಸನೆ ಪ್ಯಾಕ್ ಹಾಕಿದ ಮೇಲೆ ಏಕೆ ಬಂತು? ಇಂಜಿನ್ನಿನ ಎಣ್ಣೆ ಪ್ಯಾಕಿನೊಳಗೆ ಸೇರಿದ್ದರೆ ಮೇಲೆ ಹೋದಾಗ ಎಲ್ಲರೂ ಉಸಿರಾಡುವುದು ಅದನ್ನೇ. ಹಾರಿಸುವವರಿಗೇ ತಲೆ ಸುತ್ತಿದರೆ ಗತಿಯೇನು?

ಅದನ್ನು ಹೇಳಬೇಕೆಂದರೆ ಈಗ ತಾನೇ ಆಡಿದ ಮಾತನ್ನು ನುಂಗಬೇಕು. ಅದೂ ವರದಿ ಬರೆಯುವವರ ಎದುರಿಗೆ! ಅಷ್ಟರಲ್ಲಿ ವಿಮಾನದ ಬಾಗಿಲು ಮುಚ್ಚಲು ಸಿಬ್ಬಂದಿ ಬಂದರು.

“ಸಾರ್, ಒಂದ್ನಿಮಿಷ. ನಾನು ಹೊರಗೆ ಹೋಗಿ ನಿಂತ್ಕೋತೀನಿ. ನೀವೊಬ್ರೇ ಕೂತು ನೋಡಿ, ವಾಸನೆ ಹೋಗುತ್ತಾ ಅಂತ.”

“ಈಗ್ತಾನೆ ನಿಂದೇ ಅಂದ್ಯಲ್ಲ?”

“ಅಂದೆ ಸಾರ್. ಅದು ತಪ್ಪಾಗಿರ್ಬಹುದು.”

ಅವರು ಗಡಿಯಾರ ನೋಡಿಕೊಂಡರು. ಆಮೇಲೆ ಹೋಗು ಎಂಬಂತೆ ಕೈಯಾಡಿಸಿದರು. ಇವಳು ಕಾಕ್‌ಪಿಟ್ಟಿನ ಬಾಗಿಲಾಚೆ ನಿಂತಳು. ಮುಂದಿನ ಸೀಟಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಗಗನಸಖಿ ಮಧುಮತಿ ಹತ್ತಿರ ಬಂದು, “ಏನಾಯ್ತು ಮೇಡಂ?” ಎಂದು ಪಿಸುಗುಟ್ಟಿದಳು. ಒಳಗೆ ನಂದಕುಮಾರ್ ಒಂದು ಪ್ಯಾಕ್ ಆರಿಸಿ ಕಾದರು, ಅದನ್ನು ಹಾಕಿ ಇನ್ನೊಂದನ್ನು ಆರಿಸಿ ಕಾದರು. ಹೊರಗೆ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

“ನಿನ್ನ ತಲೆ ಅಲ್ಲಮ್ಮ. ಬಲಗಡೆ ಪ್ಯಾಕು. ಎಲ್ರನ್ನೂ ಇಳಿಸೋಣ.”

ಜನ ಗೊಣಗುತ್ತ ಇಳಿದರು. ಇಂಜಿನಿಯರ್‌ಗಳು ಬಂದು ನೋಡಿ, ಆ ಪ್ಯಾಕಿನೊಳಗೆ ಇಂಜಿನ್ನಿನ ಎಣ್ಣೆ ಇಳಿದಿದೆ, ಈ ವಿಮಾನ ಇವತ್ತು ಏಳುವುದಿಲ್ಲ ಎಂದರು. ನಂದಕುಮಾರ್ ಇವಳನ್ನು ಪಕ್ಕಕ್ಕೆ ಕರೆದು, “ಧೂಪ ಅಂದಾಗ ನಂಗೂ ಹಾಯಾಗಿಬಿಡ್ತು ನೋಡು. ಅದಕ್ಕೇ ಮತ್ತೆ ಕೇಳ್ಲಿಲ್ಲ. ವರದಿ ಚೆನ್ನಾಗೇ ಬರೀತೀನಿ” ಎಂದರಂತೆ.

ಸಂಜೆ ಇಷ್ಟನ್ನೂ ಕೇಳಿ ನನಗೆ ಹಿಗ್ಗೋ ಹಿಗ್ಗು. ಪಾಯಸ ಮಾಡುತ್ತೇನೆಂದು ಎದ್ದೇಬಿಟ್ಟೆ. ಇವಳು ಮಾತ್ರ ಯೂನಿಫಾರ್ಮನ್ನೂ ಬಿಚ್ಚದೆ ಹಾಲ್‌ನ ಆ ತುದಿಯಿಂದ ಈ ತುದಿಗೆ ಓಡಾಡುತ್ತಲೇ ಇದ್ದಳು.

“ಎಲ್ಲಾ ಒಳ್ಳೇದೇ ಆಯ್ತಲ್ಲ, ಇನ್ನೂ ಯಾಕೇ ಒದ್ದಾಡ್ತೀಯ?” ಎಂದಳು ಅಕ್ಕ.

“ಸಾರ್ ಕೇಳಿದ ತಕ್ಷಣ ನಂಗೆ ನಾಚಿಕೆ ಆಯ್ತಮ್ಮ. ಯೋಚ್ನೆ ಮಾಡ್ದೇ ನಂದೇ ಅಂದ್ಬಿಟ್ಟೆ. ಅವ್ರು ನಂಬಿದ್ರು.”

“ಆಮೇಲೆ ಹೇಳಿದ್ಯಲ್ಲ, ಬಿಡು.”

“ಬಾಗಿಲು ಮುಚ್ಚಕ್ಕೆ ಬಂದ್ರು ಅಂತ ಹೇಳ್ದೆ.”

ಅಕ್ಕ ಮಗಳ ಮುಖವನ್ನೇ ನೋಡಿದಳು. ಅವಳದು ಮೊದಲಿನಿಂದಲೂ ನೇರ ಮಾತು.

“ಮುಚ್ಚಿದ್ಮೇಲೆ ಹೊಳೆದಿದ್ರೆ? ಹೇಳ್ತಿದ್ಯಾ?”

ಹೇಳುತ್ತಿದ್ದೆ ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಸ್ಪಂದನಾ ಓಡಾಡುವುದನ್ನು ನಿಲ್ಲಿಸಿ ಕುರ್ಚಿಯಲ್ಲಿ ಕೂತಳು.

“ಗೊತ್ತಿಲ್ಲಮ್ಮ” ಎಂದು ಅಳತೊಡಗಿದಳು. ಅಕ್ಕ ಸಮಾಧಾನ ಮಾಡಲು ಹೋಗಲಿಲ್ಲ, ನಾನು ಹೋಗಿ ಕಿಟಕಿ ತೆರೆದೆ.