ಕಾರ್ಡಿನ ಕನ್ನಡ ಬದಿ

ಅಣ್ಣನ ಮಗಳ ಮದುವೆಯ ಕಾರ್ಡನ್ನು ಖಾನಾಪುರದಲ್ಲೇ ಅಚ್ಚು ಹಾಕಿಸಿದೆವು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಕನ್ನಡ ಎಂ.ಎ. ಮಾಡಿದವನೆಂದು ಕನ್ನಡದ ಪ್ರೂಫ್ ನನ್ನ ಕೈಗೆ ಬಂತು. ಮರಾಠಿಯನ್ನು ಅಣ್ಣ ನೋಡಿದ.

ಪ್ರೆಸ್ಸಿನಲ್ಲಿ ಕೂತು ‘ಆರ್ಶೀವಾದ’ವನ್ನು ‘ಆಶೀರ್ವಾದ’ ಮಾಡಿದೆ. ‘ಸ್ವಾಗತ’ದಲ್ಲೇ ‘ಸು’ ಇದೆ, ‘ಸುಸ್ವಾಗತ’ ಯಾಕೆ ಎಂದು ಜಗಳ ತೆಗೆದೆ.

“ಮಂದಿಗೆ ಆ ‘ಸು’ ಬೇಕ್ರಿ ಸರ್. ಬರೇ ಸ್ವಾಗತ ಅಂದ್ರ ಒಣಾ ಒಣಾ ಅನಸ್ತೈತಿ,” ಎಂದರು ಪ್ರೆಸ್ಸಿನವರು.

ಅದೇ ಉಮೇದಿನಲ್ಲಿ ಕರೆಯುವವರ ಹೆಸರುಗಳಿಗೆ ಬಂದೆ. ನಮ್ಮಲ್ಲಿ ಮನೆಯ ಹಿರಿಯರೆಲ್ಲ ಅಲ್ಲಿ ವಯಸ್ಸಿನ ಪ್ರಕಾರ ಇರಬೇಕು. ತೀರಿಹೋದವರೂ ‘ದಿ.’ ಹಚ್ಚಿಕೊಂಡು ಹೆಂಡತಿಯ ಜೊತೆ ಇರುತ್ತಾರೆ. ಚಿಕ್ಕಪ್ಪ ತೀರಿ ಎರಡು ವರ್ಷವಾಗಿತ್ತು. “ದಿವಂಗತರು ಹೆಂಗ ಕರೀತಾರ?” ಎಂದು ನಾನು ನಕ್ಕಿದ್ದು ನೆನಪಿದೆ. ಆಮೇಲೆ ಕೆಂಪು ಪೆನ್ನು ಏನು ಮಾಡಿತೋ ನೆನಪಿಲ್ಲ.

ಕಾರ್ಡು ಕೊಡಲು ಬೆಳಗಾವಿಯ ಶಿವಬಸವ ನಗರಕ್ಕೆ, ಆ ಚಿಕ್ಕಪ್ಪನ ಹೆಂಡತಿಯ ಮನೆಗೆ ನಾನೇ ಹೋದೆ. ನಮಗೆಲ್ಲ ಅವಳು ಕಾಕು. ಕನ್ನಡಕ ಹಾಕಿಕೊಂಡು ಎರಡೂ ಬದಿ ಓದಿದಳು.

“ಮರಾಠಿಯೊಳಗ ನಿಮ್ಮ ಕಾಕಾನೂ ಅದಾರ, ನಾನೂ ಅದೀನಿ. ಕನ್ನಡದೊಳಗ ಇಬ್ಬರನ್ನೂ ಕಳಿಸಿಬಿಟ್ಟಿಯೇನೋ ತಮ್ಮಾ?”

ಇಡೀ ಸಾಲೇ ಇರಲಿಲ್ಲ.

“ಪ್ರೆಸ್ಸಿನವರು ಬಿಟ್ಟಾರ, ಕಾಕು.”

“ಹೌದ? ಉಳದಿದ್ದೆಲ್ಲಾ ಮತ್ತ ಎಷ್ಟ ಶುದ್ಧ ಹಾಕ್ಯಾರ!”

ಮರುದಿನ ಪ್ರೆಸ್ಸಿಗೆ ಹೋಗಿ ಪ್ರೂಫ್ ಕೇಳಿದೆ. “ಆ ಹಾಳಿ ರದ್ದಿಗೆ ಹೋತ್ರಿ ಸರ್. ನೀವ್ ಹೊಡದಿದ್ದಷ್ಟ ತಗದೇವ್ರಿ,” ಎಂದರು. ‘ದಿ.’ಗೆ ಹೊಡೆದ ಗೆರೆ ಕೈ ತಪ್ಪಿ ಉದ್ದವಾಯಿತೇ? ಸಾಲೇ ಬೇಡವೆಂದು ಹೊಡೆದೆನೇ? ಅಥವಾ ಏನೂ ಹೊಡೆಯಲಿಲ್ಲವೇ? ಕಣ್ಣು ಮುಚ್ಚಿದರೆ ಮೂರೂ ಒಂದೇ ಸಮ ಸ್ಪಷ್ಟವಾಗಿ ಕಾಣುತ್ತವೆ.

ಕಾಕುವಿಗೆ ಫೋನ್ ಮಾಡಿದೆ. “ನಾನ ಹೊಡದಿರಬೇಕು. ತಪ್ಪಾತು.”

“‘ಇರಬೇಕು’ ಅಂತ ತಪ್ಪ ಒಪ್ಪೂದು ಇವತ್ತ ಕೇಳಿದೆ ನೋಡು,” ಎಂದು ಫೋನ್ ಇಟ್ಟಳು. ಸುಳ್ಳಾದರೂ ಪೂರ್ತಿ ಒಪ್ಪಿಕೊಳ್ಳಬೇಕಿತ್ತೇನೋ.

ಮದುವೆಗೆ ಬಂದಳು. ಬಂದವರನ್ನು ಎದುರುಗೊಳ್ಳಲು ಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದೆವು. ಅಣ್ಣ ಅವಳನ್ನೂ ಅಲ್ಲಿಗೆ ಕರೆದ.

“ಕರದವರು ನೀವು. ನಾ ಬಂದಾಕಿ,” ಎಂದು ಒಳಗೆ ಹೋಗಿ ಮಂದಿಯ ನಡುವೆ ಕುರ್ಚಿ ಹಿಡಿದಳು.

ನಾನು ಹಿಂದೆಯೇ ಹೋದೆ. ಹುಟ್ಟಿದಾಗಿನಿಂದ ನನ್ನನ್ನು ‘ಬಾರೋ’ ಎಂದೇ ಕರೆದವಳು ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು, “ಬರ್ರಿ, ಕುಂದರ್ರಿ,” ಎಂದಳು.