ಹೊಸನಗರಕ್ಕೆ ನಾನು ಕೋರ್ಟು ತಂದದ್ದು

ಹೊಸನಗರಕ್ಕೆ ಸಂಚಾರಿ ಕೋರ್ಟು ಬರಲಿ ಎಂದು ನಾನು ಓಡಾಡಿದಷ್ಟು ನನಗೆ ಗಂಡು ಹುಡುಕಲು ನಮ್ಮಪ್ಪನೂ ಓಡಾಡಿರಲಿಕ್ಕಿಲ್ಲ. ಊರಿನ ಮೇಲಿನ ಅಭಿಮಾನದಿಂದ ಓಡಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಬೇಕಾಗಿದ್ದದ್ದು ನೀರು.

ನಮ್ಮ ಮನೆ ಇರುವುದು ಮಾಸ್ತಿಕಟ್ಟೆ ಕಡೆಗೆ ಹೋಗುವ ದಾರಿಯಲ್ಲಿ. ಗುಡ್ಡದ ಮೇಲಿನ ಅಬ್ಬಿಯ ನೀರು ಪಕ್ಕದ ಮನೆಯವರ ಹುಲ್ಲಿನ ಬ್ಯಾಣ ಹಾದು, ನಾನು ಹುಟ್ಟುವುದಕ್ಕೂ ಮೊದಲಿನಿಂದ ನಮ್ಮ ಅಂಗಳಕ್ಕೆ ಬಂದು ಬೀಳುತ್ತಿತ್ತು. ಮೊದಲು ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ, ಆಮೇಲೆ ಪೈಪಿನಲ್ಲಿ. ಅಪ್ಪ ತೀರಿಕೊಂಡು ಮೂರು ವರ್ಷ ಕಳೆದ ಮೇಲೆ ಪಕ್ಕದ ಮನೆಯಾತ ಒಂದು ಬೆಳಿಗ್ಗೆ ಆ ಪೈಪು ಕಡಿದು ಹಾಕಿದ. ಕೇಳಲು ಹೋದರೆ, "ಜಾಗ ನಂದು" ಎಂದಷ್ಟೇ ಹೇಳಿ ಒಳಗೆ ಹೋದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಹಂಗಾದ್ರೆ ಕೋರ್ಟಲ್ಲೇ ನೋಡ್ಕೊಳ್ಳಾನ" ಎಂದು ಅಂಗಳದಲ್ಲೇ ನಿಂತು ಕೂಗಿ ಬಂದೆ. ಅಂದಿನಿಂದ ಕೆಳಗಿನ ಗದ್ದೆಯ ಬಾವಿಯಿಂದ ನೀರು ಹೊತ್ತು ಹತ್ತುವುದು ನನ್ನ ಪಾಲಿಗೆ ಬಂತು. ಸೊಂಟ ಬಿದ್ದುಹೋಯಿತು.

ನಮ್ಮ ದಾವೆ ನಡೆಸುವ ಕೋರ್ಟು ಆಗ ಇದ್ದದ್ದು ಸಾಗರದಲ್ಲಿ. ಹಳೇ ಕಾಲದಿಂದ ನೀರು ಹರಿಯುತ್ತಿತ್ತು ಎಂದು ಕಣ್ಣಾರೆ ಕಂಡವರು ಹೇಳಬೇಕು ಎಂದರು ನಮ್ಮ ವಕೀಲರು. ಅಂಥವರು ಉಳಿದಿದ್ದದ್ದು ಒಬ್ಬರೇ: ಅಪ್ಪನ ಜೊತೆ ನಿಂತು ಮೊದಲ ದಬ್ಬೆ ಹೂಡಿದ, ಆಗ ನಮ್ಮಲ್ಲಿ ಕೆಲಸಕ್ಕಿದ್ದ ಅಜ್ಜ. ಅವರೀಗ ಅರಳಸುರಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ವಾಹನ ಹತ್ತಿದರೆ ಅವರಿಗೆ ವಾಂತಿ. ಸಾಗರಕ್ಕೆಂದು ಎರಡು ಸಲ ಹೊರಡಿಸಿದೆ, ಎರಡು ಸಲವೂ ಅರ್ಧ ದಾರಿಯಿಂದ ವಾಪಸು ಕರೆದುಕೊಂಡು ಹೋದೆ. ಮನೆಗೇ ಕೋರ್ಟಿನ ಕಮಿಷನರನ್ನು ಕಳಿಸಿ ಹೇಳಿಕೆ ಬರೆಸಿಕೊಳ್ಳಬಹುದು ಎಂದು ವಕೀಲರು ದಾರಿ ತೋರಿಸಿದರು. ಅಜ್ಜ ಸುತಾರಾಂ ಒಪ್ಪಲಿಲ್ಲ.

"ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕಂಡು ಹೇಳಿದ್ದು ಸಾಕ್ಷಿ ಆಗ್ತದಾ ಮಗಾ? ಜಡ್ಜರ ಎದುರು ನಿಂತೇ ಹೇಳ್ತೀನಿ. ಹೊಸನಗರದ ತನಕ ಆದ್ರೆ ಹೆಂಗೋ ಬರ್ತೀನಿ."

ಹೀಗೆ ನಾನು ಹೋರಾಟ ಸಮಿತಿಗೆ ಸೇರಿದೆ. ತಿಂಗಳಿಗೆ ಕೆಲವು ದಿನ ಜಡ್ಜರು ನಮ್ಮೂರಿಗೇ ಬಂದು ಕೂರಬೇಕು ಎಂಬುದು ಬೇಡಿಕೆ. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದ್ದದ್ದರಿಂದ ಸಮಿತಿಯ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೊರಟವು. ಒಂದು ಅರ್ಜಿ ಹೋಗುವಷ್ಟರಲ್ಲಿ ತೀರ್ಥಹಳ್ಳಿಯವರು ನಮಗೇ ಮೊದಲು ಬೇಕು ಎಂದು ಇನ್ನೊಂದು ಕೊಟ್ಟರು. ಅದಕ್ಕೆ ಉತ್ತರವಾಗಿ ನಮ್ಮವರದು ಮತ್ತೊಂದು. ಕಟ್ಟಡ ತೋರಿಸಿ ಎಂದು ಮೇಲಿನಿಂದ ಕಾಗದ ಬಂದಾಗ ಸಮಿತಿಯೇ ಎರಡು ಹೋಳಾಯಿತು. ಪೇಟೆಯ ಆಚೆ ತುದಿಯ ಹಳೇ ಹಾಸ್ಟೆಲು ಎಂದು ಒಂದು ಗುಂಪು, ಈಚೆ ತುದಿಯ ಗೋದಾಮು ಎಂದು ಇನ್ನೊಂದು. ಯಾರ ಹೋಟೆಲು ಯಾವ ತುದಿಯಲ್ಲಿದೆ ಎಂದು ನೋಡಿದರೆ ಯಾರು ಯಾವ ಗುಂಪು ಎಂದು ತಿಳಿಯುತ್ತಿತ್ತು.

ಕೋರ್ಟು ಮಂಜೂರಾಗುವ ಮೊದಲೇ ಉದ್ಘಾಟನೆಯ ಆಮಂತ್ರಣ ಪತ್ರಿಕೆ ತಯಾರಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಏಳು ಸಲ ಟೈಪು ಮಾಡಿಸಿದರು. ಏಳನೆಯ ಸಲ ನಾನು ಕೀಬೋರ್ಡು ತಳ್ಳಿ ಎದ್ದು ನಿಂತೆ.

"ಮೊದ್ಲು ಕೋರ್ಟು ತನ್ನಿ ಸ್ವಾಮಿ. ಹೆಸರು ಬೇಕಾದ್ರೆ ಗೋಡೆ ತುಂಬ ಬರ್ಕೊಳ್ಳಿ."

"ನಿಂಗೆ ಗೊತ್ತಾಗಲ್ಲಮ್ಮ, ಪ್ರೋಟೋಕಾಲು ಅಂತ ಒಂದಿರ್ತದೆ" ಎಂದರು ಸಮಿತಿಯ ಅಧ್ಯಕ್ಷರು. ಇವರ ಪ್ರೋಟೋಕಾಲಿಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಎಂಟನೆಯದನ್ನೂ ಟೈಪು ಮಾಡಿದೆ.

ಈ ಗಲಾಟೆಯಲ್ಲಿ ವರ್ಷಗಳು ಹೋಗುತ್ತಿದ್ದವು. ಅಜ್ಜನಿಗೆ ವಯಸ್ಸು ಎಂಬತ್ತು ದಾಟಿತ್ತು. ನನಗೆ ಅದೊಂದೇ ಹೆದರಿಕೆ. ವಾರಕ್ಕೆರಡು ಸಲ ಫೋನು ಮಾಡಿ ಅವರು ಹೇಗಿದ್ದಾರೆಂದು ಕೇಳುತ್ತಿದ್ದೆ. ಒಂದು ದಿನ ಅವರ ಮಗಳು ರೇಗಿದಳು: "ಚೆನ್ನಾಗೇ ಇದಾರೆ ಮಾರಾಯ್ತಿ. ನೀನು ಹಿಂಗೆ ಕೇಳ್ತಾ ಇದ್ರೆ ಮರೆತಿದ್ದ ಯಮನಿಗೂ ನೆನಪಾಗ್ತದೆ."

ಕೊನೆಗೂ ಕೋರ್ಟು ಬಂತು. ಹಾಸ್ಟೆಲೂ ಅಲ್ಲ, ಗೋದಾಮೂ ಅಲ್ಲ, ಮೂರನೆಯ ಕಟ್ಟಡಕ್ಕೆ. ನಮ್ಮ ದಾವೆಯ ಕಡತ ಸಾಗರದಿಂದ ಬಂದು ಸೇರಿತು. ಸಾಕ್ಷಿಯ ದಿನ ಅಜ್ಜ ಹೊಟ್ಟೆಗೆ ಏನೂ ಹಾಕಿಕೊಳ್ಳದೆ, ಬಾಯಿಗೊಂದು ನಿಂಬೆಹಣ್ಣಿನ ಹೋಳು ಇಟ್ಟುಕೊಂಡು ಬಂದಿಳಿದರು. ಒಗೆದ ಪಂಚೆ, ಹೆಗಲಿಗೆ ಹೊಸ ಟವೆಲು. ಅವರನ್ನು ನೋಡಿ ನನಗೆ ಅಳು ಬಂತು. ಇನ್ನು ಗೆದ್ದಂತೆಯೇ ಎಂದುಕೊಂಡೆ.

ಕಟಕಟೆಯಲ್ಲಿ ಅಜ್ಜ ಚೆನ್ನಾಗಿಯೇ ಹೇಳಿದರು. ದಬ್ಬೆ ಎಲ್ಲಿಂದ ಎಲ್ಲಿಗಿತ್ತು, ಯಾವ ಬಂಡೆಯ ಪಕ್ಕ ತಿರುಗುತ್ತಿತ್ತು, ಎಲ್ಲ. ಆಮೇಲೆ ಎದುರು ಪಕ್ಷದ ವಕೀಲರು ಎದ್ದು, "ಅಜ್ಜಾರೇ, ಪಕ್ಕದ ಮನೆಯವರು ಒಂದು ದಿನವೂ ತಕರಾರು ಮಾಡ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

"ತಕರಾರು ಯಾಕೆ ಮಾಡ್ತಾರೆ ಸ್ವಾಮಿ? ಪ್ರತಿ ವರ್ಷ ದೊಡ್ಡಹಬ್ಬ ದೀಪಾವಳಿಗೆ ಇವಳಪ್ಪ ಒಂದು ಬಾಳೆಗೊನೆ, ಎಲೆ ಅಡಿಕೆ ಹಿಡ್ಕಂಡು ಅವರ ಜಗಲಿಗೆ ಹೋಗ್ತಿದ್ರು. ಈ ವರ್ಷನೂ ನೀರು ಬಿಡ್ಬೇಕು ಅಂತ ಕೇಳ್ತಿದ್ರು. ಅವರು ತಗಂಡ್ ಹೋಗಿ ಅಂತಿದ್ರು. ನಾನೇ ಗೊನೆ ಹೊತ್ಕಂಡು ಹೋಗ್ತಿದ್ದೆ. ಕೇಳದೆ ಯಾರಾದ್ರೂ ನೀರು ತರ್ತಾರಾ?"

ಅಪ್ಪನ ದೊಡ್ಡತನ ಹೇಳಿದೆ ಎಂಬ ಸಂತೋಷ ಅಜ್ಜನ ಮುಖದಲ್ಲಿತ್ತು. ಜಡ್ಜರು ಒಂದೇ ವಾಕ್ಯ ಬರೆಸಿದರು: ಪ್ರತಿವರ್ಷ ಅನುಮತಿ ಕೇಳಿ ನೀರು ತರುತ್ತಿದ್ದರು ಎಂಬುದು ನಿಜ. ನಮ್ಮ ವಕೀಲರು ಕಡತ ಮುಚ್ಚಿದರು. ಹೊರಗೆ ಬಂದು, ಕೇಳಿ ತಂದದ್ದು ಹಕ್ಕಾಗುವುದಿಲ್ಲ, ದಾವೆ ನಿಲ್ಲುವುದಿಲ್ಲ ಎಂದು ನೇರವಾಗಿ ಹೇಳಿದರು. ತೀರ್ಪು ಬಂದ ಮೇಲೆ ಬೇಕಾದರೆ ಸಾಗರದ ಮೇಲಿನ ಕೋರ್ಟಿಗೆ ಅಪೀಲು ಹೋಗಬಹುದಂತೆ.

ಆ ಬಾಳೆಗೊನೆಯ ವಿಷಯ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಪ್ಪ ಹೋದ ಮೇಲೆ ನಿಲ್ಲಿಸಿದವಳೇ ನಾನು. ಪ್ಲಾಸ್ಟಿಕ್ ಪೈಪಿನಲ್ಲಿ ಬರುವ ನೀರಿಗೆ ಎಲೆ ಅಡಿಕೆ ಎಂತಕ್ಕೆ, ಯಾರ ಎದುರೋ ಕೈ ಯಾಕೆ ಒಡ್ಡಬೇಕು ಎಂದುಕೊಂಡಿದ್ದೆ. ವಕೀಲರಿಗೆ ಅದನ್ನೊಂದು ಸಂಗತಿ ಎಂದು ಹೇಳಲೂ ಇಲ್ಲ.

ಪಕ್ಕದ ಮನೆಯಾತ ಮೆಟ್ಟಿಲ ಹತ್ತಿರ ನಿಂತಿದ್ದ. ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದ.

"ನಿಮ್ಮಪ್ಪ ಹೋದ ವರ್ಷ ಸೂತಕ ಅಂತ ಸುಮ್ನಾದೆ. ಆಮೇಲಿನ ಎರಡು ಹಬ್ಬಕ್ಕೂ ಮಧ್ಯಾಹ್ನದ ತನಕ ಜಗಲಿ ಮೇಲೇ ಕೂತಿದ್ದೆ. ನೀನು ಬರ್ಲೇ ಇಲ್ಲ."

"ಪೈಪು ಕಡಿಯೋ ಮೊದ್ಲು ಒಂದು ಮಾತು ಹೇಳಬಾರದಿತ್ತಾ?"

"ಬಂದು ನೀರು ಕೇಳು ಅಂತ ನಾನು ಹೇಳಿ ಕಳಿಸ್ಬೇಕಿತ್ತಾ?"

ನಡುವೆ ನಿಂತಿದ್ದ ಅಜ್ಜನಿಗೆ ಇದೆಲ್ಲ ಎಂತಕ್ಕೆ ಎಂದೇ ಅರ್ಥವಾಗಲಿಲ್ಲ. "ಅದಕ್ಕೇನಂತೆ ಮಗಾ, ಇಲ್ಲೇ ಇದಾನಲ್ಲ. ಈಗ ಕೇಳು" ಎಂದರು.

ನಾನು ಬಾಯಿ ತೆರೆದೆ. ಸಿಟ್ಟೋ, ನಾಚಿಕೆಯೋ, ನೀರು ಕೇಳುವುದು ಬಿಟ್ಟು ಅಜ್ಜನ ಹೆಗಲಿನಿಂದ ಜಾರುತ್ತಿದ್ದ ಟವೆಲು ಸರಿಮಾಡಿದೆ. ಆತ ಒಂದು ಮೆಟ್ಟಿಲು ಇಳಿದು, ತಿರುಗಿ ಇನ್ನೊಮ್ಮೆ ನನ್ನ ಮುಖ ನೋಡಿದ. ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಅಜ್ಜನಿಗೆ ಹೇಳಿ ಹೊರಟುಹೋದ.