ಜಟ್ಟಪ್ಪ ಮಾವನ ಗಂಟುಗಳು

ಜಟ್ಟಪ್ಪ ಮಾವ ಮುಷ್ಟಿ ಬಿಗಿದರೆ ಬೆರಳ ಗೆಣ್ಣುಗಳ ಮೇಲೆ ಕಡಲೆಕಾಳಿನಂಥ ಗಂಟುಗಳು ಎದ್ದು ನಿಲ್ಲುತ್ತಿದ್ದವು. ಹಿಮ್ಮಡಿಯ ಮೇಲಿನ ನರವೂ ಹಾಗೆಯೇ ದಪ್ಪ. ನನ್ನ ತಾಯಿಯ ಅಣ್ಣ ಅವನು. ನಮ್ಮೂರು ತೆಂಗಿನಗುಂಡಿಯ ರಂಪಣಿ ಬಲೆಗೆ ತಾಂಡೇಲ, ಎಂದರೆ ದಡದಲ್ಲಿ ನಿಂತು ಬಲೆಯ ಹಗ್ಗ ಎಳೆಯುವ ಅಷ್ಟೂ ಜನರ ಮುಖಂಡ. ಆ ಗಂಟು ಹಗ್ಗದ್ದೆಂದು ಊರೆಲ್ಲ ನಂಬಿತ್ತು. ಅವನ ಅಪ್ಪನಿಗೂ ಅಣ್ಣನಿಗೂ ಇದ್ದವು. ಇಬ್ಬರೂ ಪ್ರಾಯದಲ್ಲೇ, ಹಗ್ಗ ಎಳೆಯುತ್ತಲೇ ಮರಳ ಮೇಲೆ ಕುಸಿದು ಹೋದವರು.

"ನಮ್ಮನೆ ಗಂಡಸ್ರು ಚಾಪೆ ಮೇಲೆ ಸಾಯೂದಿಲ್ಲ" ಎಂದು ಮಾವ ಎದೆಯುಬ್ಬಿಸುತ್ತಿದ್ದ. ನನ್ನ ಕೈ ಹಿಡಿದು ನೋಡಿ ನಗುತ್ತಿದ್ದ: "ಇದೆಂತ ಕೈಯಾ ಅಳಿಯಾ, ಹಲಸಿನ ತೊಳೆ! ನೀ ಓದೂಕೇ ಸೈ."

ಓದಿದೆ. ಬೆಳಿಗ್ಗೆ ಮೀನಿನ ಬುಟ್ಟಿ ಇಳಿಸಿಟ್ಟು ಹೊನ್ನಾವರದ ಬಸ್ಸು ಹತ್ತಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಕೇರಿಯ ಮೊದಲ ಪದವೀಧರ ನಾನು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಎಪ್ಪತ್ತರ ದಶಕದ ಕೊನೆಗೆ ಕುಮಟೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಸಿಕ್ಕಿತು.

ನನ್ನನ್ನು ನೋಡಲು ಬಂದ ಮಾವನ ಕೈ ಅಲ್ಲಿನ ಡಾಕ್ಟರ ಕಣ್ಣಿಗೆ ಬಿತ್ತು. "ಇವರ ಕೊಲೆಸ್ಟರಾಲ್ ನೋಡು" ಎಂದರು. ಆಗಿನ ಪರೀಕ್ಷೆಯಲ್ಲಿ ರಕ್ತದ ತಿಳಿನೀರಿಗೆ ಆಸಿಡ್ ಬೆರೆಸಿದರೆ ಹಸಿರು ಬಣ್ಣ ಬರುತ್ತಿತ್ತು. ಕೊಬ್ಬು ಹೆಚ್ಚಿದ್ದಷ್ಟೂ ಹಸಿರು ಗಾಢ. ಮಾವನದು ಪಾಚಿಯ ಹಾಗೆ ಕಪ್ಪಿಟ್ಟಿತು. ಗಂಟು ಹಗ್ಗದ್ದಲ್ಲ, ಕೊಬ್ಬಿನದು. ಎದೆಯ ರಕ್ತನಾಳದಲ್ಲೂ ಅದೇ ತುಂಬುತ್ತದೆ, ಮನೆತನದಲ್ಲೇ ಹರಿದು ಬರುತ್ತದೆ ಎಂದು ಡಾಕ್ಟರು ತಿಳಿಸಿದರು.

"ಹಗ್ಗ ಮುಟ್ಟದವ್ರಿಗೆ ಹಗ್ಗದ ಸುದ್ದಿ ಎಂತ ಗೊತ್ತು?" ಎಂದು ಮಾವ ಬೀಡಿ ಹಚ್ಚಿ ಎದ್ದು ಹೋದ.

ಮರುವರ್ಷ ಮಗಳು ಮಾದೇವಿಯನ್ನು ಕರೆದುಕೊಂಡು ಬಂದ. ದಿನವಿಡೀ ಹೊಲಿಗೆ ಮಷಿನಿನ ಮುಂದೆ ಕೂರುವ ಹುಡುಗಿ. ಅವಳ ಕೈಯನ್ನು ನನ್ನ ಮೇಜಿನ ಮೇಲಿಟ್ಟ. ಗೆಣ್ಣುಗಳ ಮೇಲೆ ಅದೇ ಗಂಟುಗಳು, ಇನ್ನೂ ಸಣ್ಣವು.

"ಇವ್ಳು ಯಾವ ಹಗ್ಗ ಎಳದಿದ್ಲು ಅಳಿಯಾ?"

ರಕ್ತ ತೆಗೆದೆ. ನಳಿಗೆಯಲ್ಲಿ ಹಸಿರು ಕಪ್ಪಾಗುವುದನ್ನು ಮಾವ ರೆಪ್ಪೆ ಮಿಟುಕಿಸದೆ ನೋಡಿದ.

"ಮದ್ದು ಎಂತ?"

ತೆಂಗಿನೆಣ್ಣೆ ಕಡಿಮೆ ಮಾಡಬೇಕು, ಮೊಟ್ಟೆ ಬಿಡಬೇಕು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಡಾಕ್ಟರು ಹೇಳಿದ್ದನ್ನೇ ಹೇಳಿದೆ.

"ಅಷ್ಟೇಯಾ?"

"ಸದ್ಯಕ್ಕೆ ಅಷ್ಟೇ ಮಾವ."

"ಹಂಗಾರೆ ಬರೂದು ಮೊದ್ಲೇ ಗೊತ್ತಾತು, ತಡೂಕೆ ಆಗೂದಿಲ್ಲ. ಇಷ್ಟಕ್ಕೆ ಊಟ ಬಿಟ್ಟು ಓದಿದ್ಯಾ?"

ಆ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದ. ನನ್ನ ಪದವಿಯನ್ನು ಅಷ್ಟು ನೇರವಾಗಿ ತೂಗಿ ನೋಡಿದವರು ಬೇರೆ ಇಲ್ಲ.

ಅಂದಿನಿಂದ ಮಗಳ ತಟ್ಟೆಗೆ ಎಣ್ಣೆ ಬೀಳದಂತೆ ಎದುರು ಕೂತು ಕಾಯುತ್ತಿದ್ದನಂತೆ. ತಾನು ಮಾತ್ರ ಹುರಿದ ಬಂಗಡೆ ಬಿಡಲಿಲ್ಲ. ಯಾರಾದರೂ ಗದರಿದರೆ, "ನಂದು ಆತು ಮಾರಾಯ" ಎನ್ನುತ್ತಿದ್ದ.

ಎರಡು ಮಳೆಗಾಲ ಕಳೆದು ಸುದ್ದಿ ಬಂತು. ನಾನು ತಲುಪುವಾಗ ಮಾವನನ್ನು ಅಂಗಳದಲ್ಲಿ ಮಲಗಿಸಿದ್ದರು. ಮಾದೇವಿ ಅಳುತ್ತಿರಲಿಲ್ಲ. ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಭಾವ, ಅಪ್ಪಂಗೆ ಎಷ್ಟು ವರ್ಷ ಆಗಿತ್ತು?"

"ಐವತ್ತು ತುಂಬಿರ್ಲಿಲ್ಲ" ಎಂದೆ.

ಅವಳು ಗೋಡೆಗೆ ಒರಗಿ, ಬೆರಳು ಮಡಿಸುತ್ತ ಲೆಕ್ಕ ಹಾಕತೊಡಗಿದಳು.